ಕಲ್ಲಚ್ಚಿನ ಒಂಬತ್ತು ಮುಖಗಳು

ಮೊನ್ನೆ ಶಿವಮೊಗ್ಗದ ಹಲ್ಲಿನ ಡಾಕ್ಟರರೊಬ್ಬರ ಕಾಯುವ ಕೋಣೆಯಲ್ಲಿ ಜಗಳ ಮಾಡಿಕೊಂಡು ಬಂದೆ. ಬಾಯಲ್ಲಿ ಉಳಿದಿರುವ ಏಳು ಹಲ್ಲುಗಳಲ್ಲಿ ಒಂದನ್ನು ಕೀಳಿಸಲು ಹೋದ ಮುದುಕಿ ಮಾಡುವ ಕೆಲಸವಲ್ಲ ಅದು, ನನಗೂ ಗೊತ್ತು. ಜೊತೆಗೆ ಬಂದಿದ್ದ ತಮ್ಮನ ಮಗಳು ಕಾರು ಹತ್ತಿ ಬಾಗಿಲು ಜೋರಾಗಿ ಎಳೆದುಕೊಂಡಳು. ಆಮೇಲೆ, "ಅತ್ತೆ, ಒಂದು ಚಿತ್ರಕ್ಕೆ ಅಷ್ಟೊಂದಾ?" ಎಂದು ಕೇಳಿದಳು. ಆಗ ದವಡೆ ಮರಗಟ್ಟಿತ್ತು, ಉತ್ತರ ಹೇಳಲಾಗಲಿಲ್ಲ. ಹಾಗಾಗಿ ಆ ಉತ್ತರ ಈಗ ನಿಮ್ಮ ಪಾಲಿಗೆ ಬಂದಿದೆ.

ಆ ಕೋಣೆಯ ಗೋಡೆಗೆ ಆರು ಚಿತ್ರ ತೂಗುಹಾಕಿದ್ದರು. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು, ಅಚ್ಚು ಹಾಕಿ, ಕೈಯಿಂದ ಬಣ್ಣ ತುಂಬಿ ಮಾರುತ್ತಿದ್ದ ವ್ಯಂಗ್ಯಚಿತ್ರಗಳ ನಕಲುಗಳು. ಒಂದರಲ್ಲಿ ಕುರ್ಚಿಯ ಎರಡೂ ಕೈ ಕಿತ್ತುಹೋಗುವಷ್ಟು ದಪ್ಪನೆಯ ಗಂಡಸು. ಇನ್ನೊಂದರಲ್ಲಿ ಗಡ್ಡ ಬೆಳೆದ ಹೆಂಗಸು, ಕೈಯಲ್ಲಿ ಬೀಸಣಿಗೆ. ಮತ್ತೊಂದರಲ್ಲಿ ಬಟಾಣಿ ಬುಟ್ಟಿ ಹೊತ್ತ ಕುಳ್ಳ; ಅವನ ತಲೆಗಿಂತ ಬುಟ್ಟಿ ದೊಡ್ಡದು. ಕಾಯುತ್ತ ಕೂತವರು ತಮ್ಮ ಊದಿದ ಕೆನ್ನೆ ಹಿಡಿದುಕೊಂಡೇ ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದರು. ಬಂದವರ ಭಯ ಹೋಗಲಿ ಅಂತ ಹಾಕಿದ್ದೇವೆ ಎಂದಳು ಮೇಜಿನ ಹಿಂದಿನ ಹುಡುಗಿ. ಆ ಹೆಂಗಸಿಗೆ ಗಡ್ಡ ಬಂದದ್ದರಿಂದ ನನ್ನ ಭಯ ಹೇಗೆ ಹೋಗುತ್ತದಮ್ಮ ಎಂದು ಕೇಳಿದೆ. ಜಗಳ ಅಲ್ಲಿಂದ ಶುರುವಾಯಿತು.

ಈ ಬಗೆಯ ಚಿತ್ರಗಳನ್ನು ನಾನು ಮೊದಲು ನೋಡಿದ್ದು ಸೊರಬದಲ್ಲಿ, ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ. ಆಗ ನನಗೆ ಇಪ್ಪತ್ಮೂರು. ಊರು ಶಿಕಾರಿಪುರ, ಕೆಲಸ ಗ್ರಾಮಸೇವಿಕೆಯದು. ಹಳ್ಳಿಗಳಿಗೆ ಹೋಗಿ ಹೆಂಗಸರಿಗೆ ಹೊಗೆಯಿಲ್ಲದ ಒಲೆ ಹಾಕುವುದು, ಹಿತ್ತಿಲಲ್ಲಿ ತರಕಾರಿ ಬೆಳೆಯುವುದು, ಎಳೆಮಕ್ಕಳಿಗೆ ಏನು ಉಣ್ಣಿಸಬೇಕು ಎಂಬುದನ್ನೆಲ್ಲ ಹೇಳಿಕೊಡಬೇಕಿತ್ತು. ಮದುವೆಯಾಗದ ನಾನು ಎಳೆಮಕ್ಕಳ ಬಗ್ಗೆ ಮಾಡುತ್ತಿದ್ದ ಭಾಷಣವನ್ನು ಆರಾರು ಹೆತ್ತ ತಾಯಂದಿರು ಬಹಳ ಸಹನೆಯಿಂದ ಕೇಳುತ್ತಿದ್ದರು.

ನನ್ನ ಬಗ್ಗೆ ಇನ್ನೊಂದು ಸಂಗತಿ ಹೇಳಿಬಿಡಬೇಕು. ನನ್ನ ಎತ್ತರ ಐದಡಿ ಹನ್ನೊಂದಿಂಚು. ಈಗ ಬೆನ್ನು ಬಾಗಿ ಎರಡಿಂಚು ಕಡಿಮೆಯಾಗಿರಬಹುದು. ಆಗ ಪೂರ್ತಿ ಇತ್ತು. ಹೆಣ್ಣು ನೋಡಲು ಯಾರಾದರೂ ಬಂದರೆ ಅವ್ವ ನನ್ನನ್ನು ಮೊದಲೇ ಚಾಪೆಯ ಮೇಲೆ ಕೂರಿಸಿಬಿಡುತ್ತಿದ್ದಳು. ಏನೇ ಆದರೂ ಏಳಬೇಡ ಎಂದು ಆಜ್ಞೆ. ಕೂತಾಗ ಎಲ್ಲರಿಗೂ ನಾನು ಒಪ್ಪಿಗೆಯಾಗುತ್ತಿದ್ದೆ. ಒಮ್ಮೆ ಹಿತ್ತಿಲ ಕರು ಹಗ್ಗ ಬಿಚ್ಚಿಕೊಂಡು ನಡುಮನೆಗೇ ನುಗ್ಗಿತು, ಹಿಡಿಯಲು ಎದ್ದೆ. ಬಂದಿದ್ದ ಗಂಡು ಕತ್ತು ಎತ್ತಿ ಎತ್ತಿ ನೋಡಿ, ಕೊನೆಗೆ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನೂ ಮುಗಿಸದೆ ಹೊರಟುಹೋದ. ಅವತ್ತು ನಾನೂ ಅವ್ವನೂ ಬಿದ್ದು ಬಿದ್ದು ನಕ್ಕೆವು. ನನ್ನನ್ನು ನೋಡಿ ನಾನು ನಗಬಲ್ಲೆ, ಆದ್ದರಿಂದ ಯಾರನ್ನು ನೋಡಿಯೂ ನಗಬಹುದು ಎಂಬ ದೊಡ್ಡ ಭ್ರಮೆ ನನಗಿತ್ತು.

ಮೊದಲ ವರ್ಷ ತೊಗರ್ಸಿ ಸುತ್ತಮುತ್ತ ಕೆಲಸ. ಆಮೇಲೆ ಸೊರಬ ತಾಲ್ಲೂಕಿಗೆ ಹಾಕಿದರು. ಆನವಟ್ಟಿಯಲ್ಲಿ ಒಂದು ಕೋಣೆ ಹಿಡಿದು ಕುಬಟೂರು ಮತ್ತು ಅಕ್ಕಪಕ್ಕದ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಓಡಾಡುತ್ತಿದ್ದೆ. ಹೆಂಗಸು ಸೈಕಲ್ಲು ಹತ್ತುವುದೇ ಆ ಕಡೆ ಅಪರೂಪ. ಸೀಟಿನ ಕೊಳವೆಯನ್ನು ಮೇಲಕ್ಕೆಳೆದು ಬಿಗಿ ಮಾಡಿಸಿದರೂ ನನ್ನ ಮೊಣಕಾಲು ಹ್ಯಾಂಡಲಿಗೆ ತಾಗುತ್ತಿತ್ತು. ತಿಂಗಳಿಗೊಮ್ಮೆ ಸೊರಬದಲ್ಲಿ ಮಹಿಳಾ ಸಮಾಜದ ಸಭೆ. ಅಧ್ಯಕ್ಷೆ ಪದ್ಮಾವತಮ್ಮ ಎಂಬವರು. ಸಭೆ ಮುಗಿದ ಮೇಲೆ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಡುತ್ತಿದ್ದರು. ಅವರ ಯಜಮಾನರು ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು.

ರಾಯರು ಒರಟರಲ್ಲ. ಇದನ್ನು ಹೇಳಲು ನನಗೆ ಈಗಲೂ ಇಷ್ಟವಿಲ್ಲ, ಆದರೂ ಹೇಳಬೇಕು. ಹೆಂಗಸರು ಬಂದರೆ ಎದ್ದು ನಿಂತು ತಮ್ಮ ಬೆತ್ತದ ಕುರ್ಚಿ ಬಿಟ್ಟುಕೊಡುತ್ತಿದ್ದರು. ಕೆಲಸದಾಳಿಗೂ ಬಹುವಚನ; ನನಗೆ ಮಾತ್ರ ಮಗಳ ಹಾಗೆ ಏಕವಚನ. ಅವರ ಮೇಲಿದ್ದ ಇಂಗ್ಲಿಷ್ ಅಧಿಕಾರಿ ದೇಶ ಬಿಟ್ಟು ಹೋಗುವಾಗ ಒಂದು ದೊಡ್ಡ ಚಿತ್ರದ ಪುಸ್ತಕ ಕೊಟ್ಟುಹೋಗಿದ್ದನಂತೆ. ಅದನ್ನು ರಾಯರು ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ಪುಸ್ತಕದ ಹಾಗೆ ಇಟ್ಟಿದ್ದರು. ಒಂದು ದಿನ ಜಗಲಿಯಲ್ಲಿ ಬಿಚ್ಚಿ ತೋರಿಸಿದರು.

ಪುಟಕ್ಕೊಬ್ಬ ಮನುಷ್ಯ. ಸತ್ತ ಗಂಡನ ಸಿಪಾಯಿ ಕೋಟು ಹಾಕಿಕೊಂಡು ಸೌತೆಕಾಯಿ ಮಾರುತ್ತಿದ್ದ ಮುದುಕಿ. ವರ್ಷಗಟ್ಟಲೆ ಸ್ನಾನ ಮಾಡದೆ ಗುಬ್ಬಚ್ಚಿಗಳ ಜೊತೆ ಇದ್ದ ಜಮೀನುದಾರ. ಬೆನ್ನು ಮುಂದಾಗಿ ನಡೆಯುತ್ತಿದ್ದ ಪಾದ್ರಿ. ಒಂದೊಂದು ಮುಖದಲ್ಲೂ ಮೂಗೋ ಗಲ್ಲವೋ ಹೊಟ್ಟೆಯೋ ಹಿಗ್ಗಿ ಉಳಿದ ಮೈಯನ್ನು ನುಂಗಿತ್ತು. ಕೆಳಗೆ ಸೊಗಸಾದ ಇಂಗ್ಲಿಷ್ ಅಕ್ಷರದಲ್ಲಿ ಅವರ ಹೆಸರು, ಊರು, ಅವರ ವಿಚಿತ್ರವೇನು ಎಂಬ ಒಂದು ಸಾಲು. ಇವರೆಲ್ಲ ನಿಜವಾಗಿ ಬದುಕಿದ್ದವರು ಎಂದರು ರಾಯರು. ಆ ಕಾಲದಲ್ಲಿ ಲಂಡನ್ನಿನಲ್ಲಿ ಚಿತ್ರದಂಗಡಿಗಳಿದ್ದವಂತೆ. ಹೊಸ ಚಿತ್ರ ಬಂದಾಗ ಅದನ್ನು ಕಿಟಕಿ ಗಾಜಿಗೆ ಅಂಟಿಸುತ್ತಿದ್ದರಂತೆ, ಬೀದಿಯಲ್ಲಿ ಜನ ಗುಂಪು ಕಟ್ಟಿ ನಗುತ್ತಿದ್ದರಂತೆ.

ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆ ಸೌತೆಕಾಯಿ ಮುದುಕಿ ಬುಟ್ಟಿ ಹೊತ್ತು ಅದೇ ಅಂಗಡಿಯ ಮುಂದೆ ಹಾದುಹೋಗಿರಬಹುದು, ಕಿಟಕಿಯಲ್ಲಿ ತನ್ನನ್ನೇ ಕಂಡಿರಬಹುದು, ಗುಂಪು ಹಿಂತಿರುಗಿ ಅವಳನ್ನು ನೋಡಿರಬಹುದು ಎಂಬ ಯೋಚನೆ ನನಗೆ ಆವತ್ತು ಬರಲಿಲ್ಲ. ನಾನು ಇನ್ನೊಂದು ಲೋಟ ಕಾಫಿ ಕುಡಿಯುತ್ತಿದ್ದೆ.

ರಾಯರಿಗೆ ಚಿತ್ರ ಬರೆಯುವ ಹವ್ಯಾಸವಿತ್ತು. ಅಲ್ಲಿಯವರೆಗೆ ಮರ ಮತ್ತು ಆನೆ ಬರೆಯುತ್ತಿದ್ದರು. ನಮ್ಮ ಸೀಮೆಯಲ್ಲೂ ಇಂಥ ಜನ ಬೇಕಾದಷ್ಟಿದ್ದಾರೆ, ಅವರನ್ನು ಕಾಗದದಲ್ಲಿ ಹಿಡಿದಿಡುವವರಿಲ್ಲ, ನಾನು ಆ ಕೆಲಸ ಮಾಡಬೇಕೆಂದಿದ್ದೇನೆ ಎಂದರು. ನೀನು ಹಳ್ಳಿ ಹಳ್ಳಿ ತಿರುಗುವವಳು, ಯಾರಾದರೂ ಕಣ್ಣಿಗೆ ಬಿದ್ದಿದ್ದರೆ ಹೇಳಮ್ಮ ಎಂದರು. ದೊಡ್ಡ ಮನುಷ್ಯರು ನನ್ನಿಂದ ಒಂದು ಸಹಾಯ ಕೇಳಿದ್ದರು. ನಾನು ಕುಬಟೂರಿನ ಹಾಲಪ್ಪನ ಕಥೆ ಹೇಳಿದೆ.

ಹಾಲಪ್ಪ ಐವತ್ತು ದಾಟಿದ ರೈತ. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಒಬ್ಬಳೇ ಮಗಳು, ನೀಲಮ್ಮ. ಊರ ಹಳೇ ದೇವಸ್ಥಾನದ ಆಚೆ ಅವನ ಹೊಲ. ಹೊಲದ ಮೂಲೆಯಲ್ಲಿ ಮೂರು ವೀರಗಲ್ಲು, ಯಾವ ಕಾಲದವೋ. ಒಂದು ಬೆಳಿಗ್ಗೆ ಸೈಕಲ್ಲಿನ ಗಾಳಿ ಹೋಗಿ ತಳ್ಳಿಕೊಂಡು ಬರುತ್ತಿದ್ದಾಗ, ಬೇಲಿಯ ಈಚೆಯಿಂದ ನಾನು ಅವನನ್ನು ನೋಡಿದ್ದೆ. ತಂಬಿಗೆಯಿಂದ ನೀರು ಹಾಕಿ, ತೆಂಗಿನ ನಾರಿನಿಂದ ಕಲ್ಲಿನ ಪಾಚಿ ಉಜ್ಜುತ್ತ, ಅವುಗಳ ಜೊತೆ ಮಾತಾಡುತ್ತಿದ್ದ. ದೊಡ್ಡದಕ್ಕೆ ದೊಡ್ಡಪ್ಪ, ನಡುವಿನದಕ್ಕೆ ಚಿಕ್ಕಪ್ಪ, ಸ್ವಲ್ಪ ವಾಲಿಕೊಂಡಿದ್ದ ಸಣ್ಣದಕ್ಕೆ ಅಳಿಯಂದ್ರು. ಎಡಗಡೆ ಎತ್ತಿಗೆ ಕಾಲು ಊದಿದೆ, ಕೆರೆಗೆ ನೀರು ಸಾಲದು, ಪಕ್ಕದ ಮನೆಯವಳು ಹೆಣ್ಣು ಹೆತ್ತಳು ಎಂದು ದಿನದ ಸುದ್ದಿಯೆಲ್ಲ ಒಪ್ಪಿಸುತ್ತಿದ್ದ. ನಡುನಡುವೆ ಉತ್ತರಕ್ಕೆ ಕಾಯುತ್ತಿದ್ದ.

ಅದನ್ನು ನಾನು ರಾಯರ ಜಗಲಿಯಲ್ಲಿ ಅಭಿನಯ ಸಹಿತ ತೋರಿಸಿದೆ. ಎದ್ದು, ಕುಕ್ಕುರುಗಾಲಲ್ಲಿ ಕೂತು, ಕಂಬವನ್ನೇ ದೊಡ್ಡಪ್ಪ ಮಾಡಿ, ಕಿವಿಗೆ ಕೈ ಹಚ್ಚಿ ಉತ್ತರಕ್ಕೆ ಕಾದೆ. ರಾಯರು ಚಪ್ಪಾಳೆ ತಟ್ಟಿದರು. ಪದ್ಮಾವತಮ್ಮ ನಗಲಿಲ್ಲ, ಲೋಟ ತೆಗೆದುಕೊಂಡು ಒಳಗೆ ಹೋದರು. ಅವರಿಗೆ ಹಾಸ್ಯ ತಿಳಿಯುವುದಿಲ್ಲ ಎಂದುಕೊಂಡೆ.

ನಾಲ್ಕೈದು ತಿಂಗಳಲ್ಲಿ ರಾಯರ ಚಿತ್ರಗಳು ತಯಾರಾದವು. ಶಿವಮೊಗ್ಗದಲ್ಲಿ ಕಲ್ಲಚ್ಚು, ಅಂದರೆ ನುಣುಪು ಕಲ್ಲಿನ ಮೇಲೆ ಬರೆದು ತೆಗೆಯುವ ಅಚ್ಚು, ಹಾಕಿಸಿ ಕಟ್ಟುಗಟ್ಟಲೆ ಪ್ರತಿ ತರಿಸಿದರು. 'ನಮ್ಮ ಸೀಮೆಯ ವಿಚಿತ್ರ ವ್ಯಕ್ತಿಗಳು' ಎಂದು ಹೆಸರು. ಒಟ್ಟು ಒಂಬತ್ತು ಜನ. ಶಿಕಾರಿಪುರದ ಒಂದು ಸಭಾಂಗಣದಲ್ಲಿ ಪ್ರದರ್ಶನ ಏರ್ಪಟ್ಟಿತು. ಒಂದು ಭಾನುವಾರ ನಾನು ಊರಿಗೆ ಬಂದವಳು ಗೆಳತಿಯರಿಬ್ಬರನ್ನು ಕರೆದುಕೊಂಡು ಹೋದೆ. ಒಬ್ಬ ಪಾತ್ರಧಾರಿಯನ್ನು ಹುಡುಕಿಕೊಟ್ಟವಳು ನಾನೇ ಎಂದು ಬಾಗಿಲಲ್ಲೇ ಹೇಳಿದೆ.

ಮೊದಲನೆಯದು ಅಂಜನಾಪುರದಲ್ಲಿ ಕೆರೆ ನೀರು ಬಿಡುವ ನೀರುಗಂಟಿ. ಗಂಟಲಲ್ಲಿ ಗಳಗಂಡವಿದ್ದವನು, ಚಿತ್ರದಲ್ಲಿ ಗಳಗಂಡವೇ ಕೆರೆಯಾಗಿ ಅದಕ್ಕೊಂದು ತೂಬು. ನಕ್ಕೆವು. ಎರಡನೆಯದು ಬಸ್ಸಿನಲ್ಲಿ ಎರಡು ಸೀಟು ಹಿಡಿಯುವ ಗುಮಾಸ್ತರು. ನಕ್ಕೆವು. ಹೀಗೆ ನಡೆಯುತ್ತ ಎಂಟನೆಯದಕ್ಕೆ ಬಂದರೆ ಹಾಲಪ್ಪ. ಮೊರದಂಥ ಕಿವಿ, ತೆರೆದ ಬಾಯಿ, ಕುಕ್ಕುರುಗಾಲು. ವೀರಗಲ್ಲಿನ ಒಳಗಿಂದ ವೀರನೊಬ್ಬ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ. ಕೆಳಗೆ 'ಕಲ್ಲುಮಾತಿನ ಹಾಲಪ್ಪ, ಕುಬಟೂರು'. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಂಬತ್ತನೆಯದಕ್ಕೆ ಹೋಗುವಾಗಲೂ ನಗುತ್ತಲೇ ಇದ್ದೆ.

ಒಂಬತ್ತನೆಯದು ನಾನು.

ಸೈಕಲ್ಲು ಇಲಿಮರಿಯಷ್ಟು. ಅದರ ಮೇಲೆ ಬಿದಿರಿನಷ್ಟು ಉದ್ದದ ಹೆಂಗಸು, ಮೊಣಕಾಲು ಕಿವಿಯ ಪಕ್ಕದಲ್ಲಿ, ಕತ್ತು ತಂತಿಕಂಬದ ಮೇಲಕ್ಕೆ. ತುರುಬಿನಲ್ಲಿ ಎರಡು ಕಾಗೆ ಗೂಡು ಕಟ್ಟಿವೆ. ಕೆಳಗೆ 'ಒಂಟೆ ಸೇವಿಕೆ'. ಹೆಸರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಚಿತ್ರದ ಎದುರಿಗೇ ನಾನು ನಿಂತಿದ್ದೆನಲ್ಲ. ಅಲ್ಲಿದ್ದವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ನನ್ನ ಗೆಳತಿಯೊಬ್ಬಳು ತುಟಿ ಕಚ್ಚಿ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಆಗ ಬಾಯಿ ತುಂಬ ಹಲ್ಲಿತ್ತು.

ಮರುವಾರದಿಂದ ಯಾವ ಊರಿಗೆ ಸೈಕಲ್ಲು ಇಳಿಸಿದರೂ ಒಂಟೆ ಬಂತು ಎಂಬ ಕೂಗು. ಒಲೆಯ ಬಗ್ಗೆ ಹೇಳುವಾಗ ಸೊಸೆಯಂದಿರು ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಶಿಕಾರಿಪುರದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಂಬತ್ತೂ ಚಿತ್ರ ಸಾಲಾಗಿ ಅಂಟಿಸಿದ್ದರು. ಅವ್ವ ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟು ಸುತ್ತು ಬಳಸಿ ಪೇಟೆಗೆ ಹೋಗುತ್ತಿದ್ದಳು. ನನಗೆ ಗೊತ್ತಾಗದಂತೆ ಹೋಗುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಯಾರಿಗಾದರೂ ಹೇಳಿಕೊಂಡರೆ, ತಮಾಷೆ ಅಂದ್ರೆ ತಗೋಬೇಕಮ್ಮ, ರಾಯರು ನಿನ್ನ ಮೇಲಿನ ಅಭಿಮಾನಕ್ಕೆ ಬರೆದಿದ್ದಾರೆ ಎನ್ನುತ್ತಿದ್ದರು. ಈ ಮಾತಿನಷ್ಟು ನನ್ನನ್ನು ಉರಿಸಿದ ಮಾತು ಇನ್ನೊಂದಿಲ್ಲ. ಹೊಡೆದವನಿಗೆ ಅಭಿಮಾನ, ಹೊಡೆಸಿಕೊಂಡವನಿಗೆ ಹಾಸ್ಯಪ್ರಜ್ಞೆ. ಇದು ಯಾವ ಊರಿನ ನ್ಯಾಯವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆದರೂ ನಾನು ಏನೂ ಮಾಡಲಿಲ್ಲ. ಮುಂದಿನ ತಿಂಗಳು ಅದೇ ಜಗಲಿಯಲ್ಲಿ ಕೂತು ಅದೇ ಕಾಫಿ ಕುಡಿದೆ. ರಾಯರು ಹೇಗಿತ್ತಮ್ಮ ಎಂದು ಕೇಳಿದರೆ ಚೆನ್ನಾಗಿತ್ತು ಎಂದೆ. 

ನನ್ನನ್ನು ಎಬ್ಬಿಸಿದವಳು ಹಾಲಪ್ಪನ ಮಗಳು ನೀಲಮ್ಮ. ಕುಬಟೂರಿನಲ್ಲಿ ನನ್ನ ಗುಂಪಿನಲ್ಲಿದ್ದ ಹುಡುಗಿಯರಲ್ಲಿ ಅವಳೇ ಚುರುಕು. ಒಲೆಯ ಕೊಳವೆಯನ್ನು ನನಗಿಂತ ಚೆನ್ನಾಗಿ ಕೂರಿಸುತ್ತಿದ್ದಳು. ಅವಳಿಗೆ ತೊಗರ್ಸಿಯ ಒಂದು ಮನೆಗೆ ಮಾತಾಗಿತ್ತು. ಹುಡುಗನ ತಾಯಿ ನನಗೆ ಪರಿಚಯ, ಹಿಂದಿನ ವರ್ಷ ಅವರಿಗೂ ಒಲೆ ಹಾಕಿಕೊಟ್ಟಿದ್ದೆ. ಎರಡು ವಾರ ನೀಲಮ್ಮ ತರಗತಿಗೆ ಬರಲಿಲ್ಲ. ಮದುವೆ ಸಡಗರವಿರಬೇಕು ಎಂದುಕೊಂಡು ಅವಳ ಮನೆಗೆ ಹೋದೆ.

ಅವಳು ಒಳಗೆ ಜೋಳ ಬೀಸುತ್ತಿದ್ದಳು. ನನ್ನನ್ನು ನೋಡಿದರೂ ಕಲ್ಲು ನಿಲ್ಲಿಸಲಿಲ್ಲ. ಬೀಸುತ್ತಲೇ ತಾನಾಗಿ ಹೇಳಿದಳು. ತೊಗರ್ಸಿಯವರು ನಿಶ್ಚಯದ ಸೀರೆ ತೆಗೆಯಲು ಸೊರಬಕ್ಕೆ ಬಂದಿದ್ದರಂತೆ. ತಿಂಡಿ ತಿನ್ನಲು ಅಲ್ಲಿನ ಹೋಟೆಲಿಗೆ ಹೋದಾಗ ಗೋಡೆಯ ಮೇಲೆ ಬೀಗರ ಚಿತ್ರ ಕಂಡಿತು. ಪಕ್ಕದ ಮೇಜಿನವರು ಕುಬಟೂರಿನ ಹುಚ್ಚ ಹಾಲಪ್ಪ ಎಂದು ವಿವರಣೆ ಕೊಟ್ಟರು. ಸೀರೆ ತೆಗೆಯದೆ ವಾಪಸು ಹೋದವರು, ಮನೆತನದಲ್ಲಿ ತಲೆ ಕೆಟ್ಟವರಿದ್ದಾರೆಂದು ಗೊತ್ತಿರಲಿಲ್ಲ, ಈ ಮಾತು ಇಲ್ಲಿಗೇ ಬಿಡೋಣ ಎಂದು ಹೇಳಿಕಳಿಸಿದರು.

ಆಮೇಲೆ ನೀಲಮ್ಮ ಬೀಸುವುದನ್ನು ನಿಲ್ಲಿಸಿದಳು. ಅವರ ಹೊಲದ ಮೂಲೆಗೆ ಯಾರೂ ಹೋಗುವುದಿಲ್ಲ, ರಾಯರು ನೆಟ್ಟಗೆ ಅಲ್ಲಿಗೇ ಬಂದು ಬೇಲಿ ಹಿಂದೆ ಕೂತಿದ್ದರಂತೆ, ಅವರಿಗೆ ಯಾರು ಹೇಳಿದ್ದು ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ನಾನೇ ಹೇಳಿದ್ದು ಎಂದೆ. ಕೂತು ಅಭಿನಯ ಮಾಡಿ ತೋರಿಸಿದ್ದನ್ನು ಮಾತ್ರ ಹೇಳಲಿಲ್ಲ. ಅವಳು ಬೀಸುಕಲ್ಲಿನ ಗೂಟ ಹಿಡಿದುಕೊಂಡಳು.

"ಸೊರಬದ ಹೋಟ್ಲಲ್ಲಿ ನಿಮ್ ಚಿತ್ರನೂ ನೋಡ್ದೆ ಅಕ್ಕೋರೆ. ನಂಗೆ ನಗು ಬರ್ಲಿಲ್ಲ. ನಮ್ಮಪ್ಪನ್ ನೋಡಿ ನಿಮಗೆ ಬಂತಲ್ರಿ."

ಅಷ್ಟೇ ಹೇಳಿ ಮತ್ತೆ ಬೀಸತೊಡಗಿದಳು.

ನಾನು ಎದ್ದು ಹೊರಡುವ ಹೊತ್ತಿಗೆ ಹಾಲಪ್ಪ ಹೊಲದಿಂದ ಬಂದ. ಅಕ್ಕೋರಿಗೆ ಮಜ್ಜಿಗೆ ಕೊಟ್ಟಿಲ್ಲವೇ ಎಂದು ಮಗಳಿಗೆ ಗದರಿ, ತಾನೇ ತಂದುಕೊಟ್ಟ. ತನ್ನ ಚಿತ್ರ ಬಂದಿದೆಯಂತೆ, ಹೋಟೆಲಿಗೆ ಹೋಗಿ ನೋಡಲು ನಾಚಿಕೆ, ನಿಮ್ಮ ಹತ್ತಿರ ಇದೆಯೇ ಎಂದು ಕೇಳಿದ. ನನ್ನ ಚೀಲದಲ್ಲಿ ಪೂರ್ತಿ ಕಟ್ಟೇ ಇತ್ತು, ರಾಯರು ಅಭಿಮಾನದಿಂದ ಕೊಟ್ಟದ್ದು. ಎಂಟನೆಯದನ್ನು ತೆಗೆದುಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಕಿವಿ ನೋಡಿದ, ಬಾಯಿ ನೋಡಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಕಲ್ಲಿನ ಮೇಲೆ ಬೆರಳಿಟ್ಟ.

"ದೊಡ್ಡಪ್ಪಗೆ ಕತ್ತಿ ಹಿಡ್ದ ಕೈ ಇಲ್ರಿ. ಮುರ್ದು ಯಾವ ಕಾಲ ಆಯ್ತೋ. ಇವ್ರು ಎರಡೂ ಕೈ ಬರ್ದಾರೆ. ನೋಡ್ದೇ ಬರ್ದಾರೆ ಅನ್ಸುತ್ತೆ."

ಈಗಲೂ ಮಾತಾಡಿಸುತ್ತೀಯಾ ಎಂದು ಕೇಳಿದೆ. ಕೇಳಬಾರದಿತ್ತು.

"ಬಿಟ್ಟೀನ್ರಿ. ಬೇಲಿ ಆಚೆ ಜನ ಕೂತಿರ್ತಾರೆ, ಏನ್ ಹೇಳ್ತಾನೋ ಅಂತ. ಕೇಳೋರು ಬಂದ್ಮೇಲೆ ಮಾತು ಬರಲ್ಲ." ಕಾಗದವನ್ನು ನೀಟಾಗಿ ಮಡಚಿ ನನ್ನ ಕೈಗೆ ವಾಪಸು ಕೊಟ್ಟ. ನೀರು ಮಾತ್ರ ಹಾಕಿ ಬರುತ್ತಾನಂತೆ.

ಅವತ್ತು ಕುಬಟೂರಿನಿಂದ ಆನವಟ್ಟಿಗೆ ಬಂದು, ಸಿಕ್ಕಿದ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ದಾರಿಯುದ್ದಕ್ಕೂ ರಾಯರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಬಹಳ ಒಳ್ಳೆಯ ಮಾತುಗಳು, ಇಂಗ್ಲಿಷಿನ ಎರಡು ಪದಗಳೂ ಇದ್ದವು. ಜಗಲಿ ಹತ್ತುವ ಹೊತ್ತಿಗೆ ಎಲ್ಲ ಮರೆತುಹೋಗಿತ್ತು. ರಾಯರು ಎಂದಿನಂತೆ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು. ನಾನು ಕೂರಲಿಲ್ಲ. ನಿಂತರೆ ಅವರಿಗಿಂತ ಒಂದು ಗೇಣು ಎತ್ತರ ನಾನು. ಅವತ್ತು ಮೊದಲ ಸಲ ಅದನ್ನು ಮುಚ್ಚಿಡಲು ಬೆನ್ನು ಬಗ್ಗಿಸಲಿಲ್ಲ.

ನಡೆದದ್ದನ್ನು ಹೇಳಿದೆ. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಹಳ್ಳಿಯವರ ತಿಳುವಳಿಕೆ ಅಷ್ಟೇ, ಅದಕ್ಕೆ ಕಲೆ ಏನು ಮಾಡಬೇಕು ಎಂದರು. ಇಂಗ್ಲೆಂಡಿನ ದೊಡ್ಡ ದೊಡ್ಡ ಮಂತ್ರಿಗಳೂ ಇಂಥ ಚಿತ್ರಕ್ಕೆ ಸಿಟ್ಟಾಗುತ್ತಿರಲಿಲ್ಲ ಎಂದರು. ಮಂತ್ರಿಗೆ ಮಂತ್ರಿಗಿರಿ ಇರುತ್ತದೆ, ಸೌತೆಕಾಯಿ ಮಾರುವವಳಿಗೆ ಏನಿರುತ್ತದೆ ಎಂದು ಇವತ್ತಾದರೆ ಕೇಳುತ್ತಿದ್ದೆ. ಅವತ್ತು ಹೊಳೆಯಲಿಲ್ಲ.

"ನೋಡಮ್ಮ ವಿಮಲಾ," ಎಂದರು, "ಆ ಪುಸ್ತಕದ ದಪ್ಪ ಮನುಷ್ಯನ್ನ ಇವತ್ತು ನಾವು ನೆನೆಸ್ಕೊಳ್ಳೋದು ಆ ಚಿತ್ರದಿಂದ ತಾನೆ? ಇಲ್ದಿದ್ರೆ ಯಾರಿಗೆ ಗೊತ್ತಿರ್ತಿತ್ತು ಅವನು?"

"ಅವನಿಗೆ ಮಗಳಿದ್ಲಾ ರಾಯರೇ?" ಎಂದೆ. "ಅದನ್ನ ಕೆಳಗೆ ಬರ್ದಿದಾರಾ?"

ರಾಯರು ಕನ್ನಡಕ ಮತ್ತೆ ಹಾಕಿಕೊಂಡರು. ನನ್ನ ಜೊತೆ ತೊಗರ್ಸಿಗೆ ಬನ್ನಿ, ಆ ಚಿತ್ರ ಬರೀ ತಮಾಷೆಗೆ ಬರೆದದ್ದು, ಹಾಲಪ್ಪ ಹುಚ್ಚನಲ್ಲ ಎಂದು ಆ ಮನೆಯವರಿಗೆ ನಿಮ್ಮ ಬಾಯಿಂದ ಒಂದು ಮಾತು ಹೇಳಿ ಎಂದು ಕೇಳಿದೆ. ಅವರು ಬೀದಿಯ ಕಡೆ ನೋಡುತ್ತ, ತೀರ ಮೆಲ್ಲಗೆ, "ಹೇಳಿದ್ದು ನೀನೇ ಅಲ್ವೇನಮ್ಮ" ಎಂದರು.

ಅಷ್ಟು ಹೊತ್ತಿಗೆ ಪದ್ಮಾವತಮ್ಮ ಒಳಗಿನಿಂದ ಬಂದರು. ರಾಯರ ಕೋಣೆಗೆ ಹೋಗಿ, ಉಳಿದಿದ್ದ ಚಿತ್ರಗಳ ಕಟ್ಟನ್ನೆಲ್ಲ ಎರಡೂ ತೋಳಲ್ಲಿ ಅವುಚಿಕೊಂಡು ನಮ್ಮ ಮುಂದೆಯೇ ಹಾದು ಬಚ್ಚಲುಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಹಂಡೆ ಒಲೆಯ ಹೊಗೆ ಹಿತ್ತಿಲಿಂದ ಮೇಲೆದ್ದಿತು. ರಾಯರು ಅದನ್ನು ನೋಡಿದರು. ನಿಂತಲ್ಲಿಂದ ಕದಲಲಿಲ್ಲ. ಪದ್ಮಾವತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಮುಂದಿನ ತಿಂಗಳ ಸಭೆ ಬುಧವಾರ ಎಂದು ನನಗೆ ನೆನಪು ಮಾಡಿದರು.

ಗೋಡೆಗಳ ಮೇಲೆ ಅಂಟಿಸಿದ್ದವು ಇನ್ನೂ ಉಳಿದಿದ್ದವು. ಸೊರಬದ ಹೋಟೆಲಿಗೆ ಹೋಗಿ ಕಿತ್ತೆ. ಅವರು ಏನೂ ಅನ್ನಲಿಲ್ಲ. ಶನಿವಾರ ಶಿಕಾರಿಪುರದಲ್ಲಿ ಇಳಿದವಳು ಮನೆಗೆ ಹೋಗದೆ ಹೋಟೆಲಿಗೆ ಹೋದೆ. ಮೇಲ್ಸಾಲಿನಲ್ಲಿ ಅಂಟಿಸಿದ್ದರು. ಬೇರೆಯವರಿಗಾದರೆ ಬೆಂಚು ಹತ್ತಬೇಕಾಗುತ್ತಿತ್ತು, ನನಗೆ ಕೈ ಎತ್ತಿದರೆ ಸಾಕಾಯಿತು. ಮಾಲೀಕರು ಗಲ್ಲಾ ಬಿಟ್ಟು ಬಂದು, ಗಿರಾಕಿಗಳು ನೋಡಿ ಖುಷಿ ಪಡ್ತಾರ್ರೀ, ಯಾಕ್ ಕೀಳ್ತೀರಿ ಎಂದು ಕೇಳಿದರು. ನಾನು ಒಂದೊಂದಾಗಿ ಎಂಟು ಕಿತ್ತು, ಒಂಬತ್ತನೆಯದಕ್ಕೆ ಕೈ ಹಾಕಿದಾಗ ಮೂಲೆಯಿಂದ ಯಾರೋ, ಒಂಟೆಗೆ ಸಿಟ್ಟು ಬಂತು ಎಂದರು. ಹೋಟೆಲು ಪೂರ್ತಿ ನಕ್ಕಿತು. ಸಿಟ್ಟು ಬಂದವರಿಗೆ ಒಂದು ಗಾಂಭೀರ್ಯ ಬರುತ್ತದೆ ಎಂದು ಕಥೆಗಳಲ್ಲಿ ಓದಿದ್ದೆ. ನನ್ನ ಕೈಗೆಲ್ಲ ಮೈದಾ ಅಂಟು ಮೆತ್ತಿಕೊಂಡಿತ್ತು, ಮೂಗು ಸುರಿಯುತ್ತಿತ್ತು, ಒರೆಸಿಕೊಳ್ಳಲು ಹೋಗಿ ಅಂಟು ಮುಖಕ್ಕೂ ಆಯಿತು. ಒಂಬತ್ತನೆಯದನ್ನೂ ಕಿತ್ತುಕೊಂಡೇ ಹೊರಗೆ ಬಂದೆ.

ಮರುದಿನ ತೊಗರ್ಸಿಗೆ ಒಬ್ಬಳೇ ಹೋದೆ. ಹುಡುಗನ ತಾಯಿ ಚಾಪೆ ಹಾಸಿ ಕೂರಿಸಿದರು. ನಾನು ಹಾಕಿಕೊಟ್ಟ ಒಲೆಯಲ್ಲೇ ಅವಲಕ್ಕಿಗೆ ಒಗ್ಗರಣೆ ಹಾಕಿದರು. ಎಲ್ಲವನ್ನೂ ಬಿಚ್ಚಿ ಹೇಳಿದೆ, ಅಭಿನಯ ಮಾಡಿದ್ದನ್ನೂ ಸೇರಿಸಿ. ಹೆಂಡತಿ ಸತ್ತ ಮೇಲೆ ಮನೆಯಲ್ಲಿ ಹೇಳಿಕೊಳ್ಳಲು ದೊಡ್ಡವರಿಲ್ಲದ ಮನುಷ್ಯ, ಕಲ್ಲಿಗೆ ಹೇಳುತ್ತಾನೆ, ಅದರಲ್ಲೇನು ಹುಚ್ಚು ಎಂದು ಕೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ಹಾಲಪ್ಪ ಹುಚ್ಚ ಅಲ್ಲ ಅಂತ ನಮಗೂ ಗೊತ್ತೈತ್ರಿ ಅಕ್ಕೋರೆ. ನಗೋರಿಗೆ ಗೊತ್ತಿಲ್ವಲ್ಲ. ನಾಳೆ ನನ್ ಮೊಮ್ಮಗನ್ನ ಕಲ್ಲುಮಾತಿನೋನ್ ಮೊಮ್ಮಗ ಅಂತಾರೆ. ಅದನ್ನ ಕೇಳ್ಕೊಂಡು ನಾನ್ ಇರ್ಬೇಕಲ್ರಿ."

 ಸಂಬಂಧ ಮತ್ತೆ ಕೂಡಲಿಲ್ಲ. ಆ ಹುಡುಗನಿಗೆ ಮುಂದಿನ ವೈಶಾಖದಲ್ಲಿ ಬೇರೆ ಕಡೆ ಮದುವೆಯಾಯಿತು.

ನೀಲಮ್ಮ ನನ್ನ ತರಗತಿಗೆ ಮತ್ತೆ ಬರಲಿಲ್ಲ. ಆದರೆ ಊರಿನಲ್ಲಿ ಯಾರ ಮನೆಗೆ ಒಲೆ ಬೇಕಾದರೂ ತಾನೇ ಹೋಗಿ ಹಾಕಿಕೊಡುತ್ತಿದ್ದಳಂತೆ, ನನಗೆ ಹೇಳಿಕಳಿಸದೆ. ಕುಬಟೂರಿನಲ್ಲಿ ನನ್ನ ಕೆಲಸ ನನ್ನ ಅಗತ್ಯವಿಲ್ಲದೆ ನಡೆಯಿತು. ನಾನು ಹೊಲದ ದಾರಿ ಬಿಟ್ಟು ಕೆರೆ ಏರಿಯ ಮೇಲಿನ ದಾರಿಯಲ್ಲಿ ಹೋಗುತ್ತಿದ್ದೆ. ಒಮ್ಮೆ ಮಾತ್ರ ಬೇಲಿ ಪಕ್ಕ ಬಂದೆ. ಹಾಲಪ್ಪ ಕಲ್ಲಿಗೆ ನೀರು ಹಾಕಿ, ಬಾಯಿ ಮುಚ್ಚಿಕೊಂಡು ಉಜ್ಜುತ್ತಿದ್ದ. ನಾನು ಸೈಕಲ್ಲಿನ ಗಂಟೆ ಬಾರಿಸುತ್ತಲೇ ದಾಟಿಹೋದೆ, ಬೇಲಿಯ ಹಿಂದೆ ಯಾರೂ ನಿಂತಿಲ್ಲ ಎಂದು ಅವನಿಗೆ ಗೊತ್ತಾಗಲಿ ಅಂತ.

ಎರಡು ವರ್ಷದ ಮೇಲೆ ನೀಲಮ್ಮನಿಗೆ ಆನವಟ್ಟಿಯಲ್ಲೇ ಒಂದು ಮನೆ ಕೂಡಿಬಂತು. ನನ್ನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರಿಗೆಲ್ಲ ಲಗ್ನಪತ್ರಿಕೆ ಬಂತು, ನನಗೆ ಬರಲಿಲ್ಲ. ಸರಿಯಾದ್ದೇ. ಮದುವೆಯ ದಿನ ಕೋಣೆಯಲ್ಲಿ ಕೂತು ವರದಿ ಬರೆಯಲು ನೋಡಿದೆ, ಆಗಲಿಲ್ಲ. ಸೀರೆ ಬದಲಿಸಿ ಹೋದೆ. ದೂರದಲ್ಲಿ ನಿಂತು ಅಕ್ಕಿಕಾಳು ಹಾಕಿ ಬಂದುಬಿಡೋಣ ಎಂಬ ಯೋಚನೆ. ನನ್ನ ಎತ್ತರದವರು ಚಪ್ಪರದಲ್ಲಿ ಎಲ್ಲಿ ನಿಂತರೂ ಹಿಂದೆ ನಿಂತಂತಾಗುವುದಿಲ್ಲ. ಎಲ್ಲರ ತಲೆಯ ಮೇಲಿಂದ ನೀಲಮ್ಮ ನನ್ನನ್ನು ನೋಡಿದಳು. ಹಾಲಪ್ಪ ಹೊಸ ರುಮಾಲು ಸುತ್ತಿಕೊಂಡು ಬೀಗರ ನಡುವೆ ಕೂತಿದ್ದ. ಯಾರೋ ಏನೋ ಕೇಳಿದರೆ ತಲೆಯಾಡಿಸುತ್ತಿದ್ದ.

ಅಕ್ಕಿಕಾಳು ಹಾಕಿ ತಿರುಗಿದೆ. ಚಪ್ಪರದ ಬಾಯಿಯವರೆಗೆ ಬಂದಿರಬೇಕು, ಹಿಂದಿನಿಂದ ಬಳೆಗಳ ಸದ್ದು. ಅರಿಶಿನದ ಕೈ, ಬಾಸಿಂಗ ಇನ್ನೂ ಹಣೆಯಲ್ಲಿ. ಮದುಮಗಳು ಹಸೆ ಬಿಟ್ಟು ಎದ್ದು ಬಂದಿದ್ದಾಳೆಂದು ಹೆಂಗಸರು ಗುಜುಗುಜು ಮಾಡುತ್ತಿದ್ದರು.

"ಉಂಡು ಹೋಗ್ರಿ," ಎಂದಳು ನೀಲಮ್ಮ. ಅಕ್ಕೋರೆ ಎನ್ನಲಿಲ್ಲ. ನಗಲೂ ಇಲ್ಲ. ಹೇಳಿ ಹಿಂತಿರುಗಿ ಹೋದಳು.

ನಾನು ಪಂಕ್ತಿಯ ಕೊನೆಯಲ್ಲಿ ಕೂತು ಉಂಡೆ. ಅದು ಕ್ಷಮೆ ಎಂದು ನಾನು ಯಾವತ್ತೂ ತಿಳಿದುಕೊಂಡಿಲ್ಲ. ಊಟದ ಹೊತ್ತಿಗೆ ಬಾಗಿಲಿಗೆ ಬಂದವರನ್ನು ಉಣ್ಣದೆ ಕಳಿಸುವ ಮನೆ ಅದಲ್ಲ, ಅಷ್ಟೇ. ಇಷ್ಟು ಪುಟ ರಾಯರನ್ನು ಬೈದೆ, ಹಲ್ಲಿನ ಡಾಕ್ಟರರನ್ನು ಬೈದೆ, ಕಾಣದ ಇಂಗ್ಲಿಷರನ್ನೂ ಬೈದೆ. ಅವತ್ತು ಎಲೆಯ ಮುಂದೆ ಕೂತು ಒಂದೊಂದೇ ತುತ್ತು ನುಂಗುವಾಗ ಇದ್ದ ಸಿಟ್ಟು ಅವರಲ್ಲಿ ಯಾರ ಮೇಲೂ ಆಗಿರಲಿಲ್ಲ.